ಎಡಮಂಡಿಯ ಪಟ್ಟಿ

ಉತ್ತರಕ್ರಿಯೆ ಮುಗಿದು ಬಂಧುಗಳೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಶ್ರದ್ಧಾ ಎಂದಿನಂತೆ ಗಂಡನ ಮಂಡಿಪಟ್ಟಿಯನ್ನು ಕಪಾಟಿನಿಂದ ತೆಗೆದು ಮಂಚದ ಮೇಲಿಟ್ಟಳು. ಇಟ್ಟ ಮೇಲೆ ನೆನಪಾಯಿತು, ಯತಿನ್ ಇಲ್ಲ.

ಎಂಟು ವರ್ಷ ಅವಳೇ ಅದನ್ನು ಅವನ ಎಡಮಂಡಿಗೆ ಕಟ್ಟಿದ್ದಳು. ಆ ಮಂಡಿಗೆ ಏನೂ ಆಗಿರಲಿಲ್ಲ.

ಯತಿನ್ ಠಾಣೆ ಪಟ್ಟಣದಲ್ಲಿ ಪ್ರೇಮನಾಥರ ಹೋಟೆಲಿನ ಮ್ಯಾನೇಜರ್ ಆಗಿದ್ದವನು. ಅವರ ಕುಟುಂಬ ಫುಟ್‌ಬಾಲ್ ತಂಡ ಕೊಂಡಾಗ, ಸಿಇಒ ಆಗುವವನು ಆಟ ಆಡಿದವನೇ ಆಗಬೇಕೆಂದು ಪ್ರೇಮನಾಥರು ಹಟ ಹಿಡಿದರು. ಯತಿನ್ ಚೆಂಡು ಒದ್ದವನಲ್ಲ. ಆಡುತ್ತಿದ್ದವನು ಅವನ ಗೆಳೆಯ ರಂಜನ್; ಮಂಡಿ ಮುರಿದು ಆಟ ಬಿಟ್ಟಿದ್ದ. ಎರಡು ದಿನಕ್ಕೆಂದು ಯತಿನ್ ಅವನ ಪಟ್ಟಿ ಕೇಳಿ ತಂದ. ಅವನ ಕತೆಯನ್ನೂ ತನ್ನದೆಂದು ಹೇಳಿದ. ಕೆಲಸ ಸಿಕ್ಕಿತು. ಖಾರಘರದ ಈ ಮನೆಯ ಹಜಾರದಲ್ಲಿ ಅವನು ಕುಂಟುವುದನ್ನು ಕಲಿಯುತ್ತಿದ್ದಾಗ ಶ್ರದ್ಧಾ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ತಂಡವನ್ನು ಅವನು ಚೆನ್ನಾಗಿಯೇ ನಡೆಸಿದ. ಆದರೆ ಕಾಲು ನೋವೆಂದ ಹುಡುಗರಿಗೆ ಪಟ್ಟಿ ತೋರಿಸಿ, ತಾನು ಇದರಲ್ಲೇ ಫೈನಲ್ ಆಡಿದವನೆನ್ನುತ್ತಿದ್ದ. ಆ ಮಾತು ನಂಬಿ ನೋವಿನಲ್ಲೇ ಆಡಿದ ಮನೀಶ ಎಂಬ ಹುಡುಗ ಮತ್ತೆ ಮೈದಾನಕ್ಕಿಳಿಯಲಿಲ್ಲ. ಅದರ ಮರುದಿನವೂ ಶ್ರದ್ಧಾ ಪಟ್ಟಿ ಕಟ್ಟಿದಳು.

ಹತ್ತು ಗಂಟೆಗೆ ಪ್ರೇಮನಾಥರ ಫೋನ್ ಬಂತು. ಆಫೀಸಿನಲ್ಲಿ ಗಾಜಿನ ಪೆಟ್ಟಿಗೆ ಮಾಡಿಸಿದ್ದಾರಂತೆ, ಪಟ್ಟಿಯನ್ನು ಅದರಲ್ಲಿಡಬೇಕಂತೆ.

"ಕೊನೆಯ ಸ್ನಾನ ಮಾಡಿಸುವಾಗ ಅವನ ಮಂಡಿ ನೋಡಿದೆ ಮಗಾ," ಎಂದರು. "ಗಾಯದ ಕಲೆ ಸಹ ಉಳಿದಿರಲಿಲ್ಲ. ಎಷ್ಟು ನೋವು ನುಂಗಿದ್ದನೋ."

ಅವಳು ತರುತ್ತೇನೆ ಎಂದುಬಿಟ್ಟಳು.

ಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡು ಮನೆಯಿಂದ ಹೊರಟವಳು ಆಫೀಸಿಗೆ ಹೋಗಲಿಲ್ಲ. ಠಾಣೆಯಲ್ಲಿ ರೈಲು ಬದಲಿಸಿ ಡೊಂಬಿವಲಿಗೆ ಬಂದು, ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ರಂಜನ್ ಕೆಲಸ ಮಾಡುವ ಕಾರ್ಖಾನೆಯ ಗೇಟಿನ ಮುಂದೆ ನಿಂತಳು. ಊಟದ ಹೊತ್ತಿಗೆ ಅವನು ಹೊರಬಂದ. ಅವನ ಕುಂಟು ಗೊತ್ತೇ ಆಗುತ್ತಿರಲಿಲ್ಲ; ಮುಚ್ಚಿಕೊಂಡು ನಡೆಯುವುದು ಅವನಿಗೆ ರೂಢಿಯಾಗಿತ್ತು.

ಅವಳು ಚೀಲ ತೆರೆದು ತೋರಿಸಿ, ಗಾಜಿನ ಪೆಟ್ಟಿಗೆಯ ವಿಷಯವನ್ನೂ ಹೇಳಿದಳು.

ರಂಜನ್ ಪಟ್ಟಿಯನ್ನು ನೋಡಿದ. "ಟಿವಿಯಲ್ಲಿ ನೋಡ್ತಿದ್ದೆ ಅತ್ತಿಗೆ. ನನಗಿಂತ ಚಂದ ಕುಂಟ್ತಿದ್ದ." ನಗಲು ಹೋಗಿ ನಿಲ್ಲಿಸಿದ. "ಅಲ್ಲೇ ಇಡಲಿ ಬಿಡಿ. ಹೋದವನ ಹೆಸರು ಯಾಕೆ ಹಾಳು ಮಾಡೋದು."

ಇಷ್ಟು ವರ್ಷ ತಾನೂ ಹೀಗೆಯೇ ಇರಲಿ ಬಿಡು ಎನ್ನುತ್ತ ಬಂದಿದ್ದಳು. ಶ್ರದ್ಧಾ ಅಲ್ಲೇ ನಿಂತು ಪ್ರೇಮನಾಥರಿಗೆ ಫೋನ್ ಮಾಡಿದಳು.

"ಅಂಕಲ್, ಪಟ್ಟಿ ಅವರದ್ದಲ್ಲ. ಅವರು ಫುಟ್‌ಬಾಲ್ ಆಡಿದವರೇ ಅಲ್ಲ. ನನಗೆ ಗೊತ್ತಿತ್ತು."

ಆ ಕಡೆಯಿಂದ ಫೋನ್ ಕಟ್ಟಾಯಿತು.

ಅವಳು ಪಟ್ಟಿಯನ್ನು ಚೀಲದಿಂದ ತೆಗೆದು, ಎರಡೂ ಕೈಯಲ್ಲಿ ಹಿಡಿದು ರಂಜನ್‌ಗೆ ಕೊಟ್ಟಳು. ಅವನು ತೆಗೆದುಕೊಂಡ.