ಗಗನನೌಕೆಯ ಮೊದಲ ಕಂತು

ಟೀವಿಯಲ್ಲಿ ಕಾಣುತ್ತಿದ್ದ ಗಗನನೌಕೆಯ ಗೋಡೆಗೆ ಜಡಿದಿದ್ದದ್ದು ಮನೆಗಳಿಗೆ ಹಾಕುವ ಕರೆಂಟ್ ಮೀಟರು ಎಂದು ಚಲುವರಾಜುವಿಗೆ ಖಚಿತವಾಯಿತು. ಅವನಿಗೆ ತುಂಬ ಸಂತೋಷವಾಯಿತು.

ಚಾಮರಾಜಪೇಟೆ, ಭಾನುವಾರ ಬೆಳಿಗ್ಗೆ, ಪಕ್ಕದ ಮನೆಯ ವೀರಭದ್ರಯ್ಯನವರ ಹಾಲ್‌ನಲ್ಲಿ ಹೊಸ ಹಿಂದಿ ಧಾರಾವಾಹಿ. ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆಯ ಅಂಗಡಿ ಇಟ್ಟಿದ್ದ ಅವರು, ಫಿಸಿಕ್ಸ್ ಮೇಷ್ಟರೆಂದು ಅವನಿಗೆ ಕುರ್ಚಿ ಹಾಕಿಸಿದ್ದರು. ವಾರಪತ್ರಿಕೆಯೊಂದು ಅವನಿಂದ ಧಾರಾವಾಹಿಯ ವಿಮರ್ಶೆ ಕೇಳಿತ್ತು. ಅವನ ಹೆಂಡತಿ ರಂಗನಾಯಕಿ ಚಾಪೆಯ ಮೇಲೆ ಕೂತಿದ್ದಳು.

"ಅಲ್ಲಿ ಭಾರಾನೇ ಇರಲ್ಲ. ಇವನು ನೋಡಿ, ಬೂಟ್ಸ್ ಹಾಕ್ಕೊಂಡು ಓಡಾಡ್ತಾನೆ," ಎಂದ ಚಲುವರಾಜು.

"ಹೌದಾ ಮೇಷ್ಟ್ರೇ," ಎಂದರು ವೀರಭದ್ರಯ್ಯ, ಟೀವಿಯಿಂದ ಕಣ್ಣು ತೆಗೆಯದೆ.

ಕೊನೆಯಲ್ಲಿ ಗಗನಯಾತ್ರಿ ರೇಡಿಯೋದಲ್ಲಿ ಮನೆಯವರನ್ನು ಕರೆದ. ಪರದೆಯ ಮೇಲೆ ಅವನ ಹೆಂಡತಿಯ ತುಟಿಗಳು ಅಲ್ಲಾಡಿದವು; ದನಿ ಮಾತ್ರ ಇಲ್ಲ. ಸೆಟ್ಟು ಕೆಟ್ಟಿತೆಂದು ವೀರಭದ್ರಯ್ಯ ಎದ್ದು ವಾಲ್ಯೂಮ್ ಗುಂಡಿ ತಿರುಗಿಸಿದರು. ಚಲುವರಾಜು ನಕ್ಕ. ತಿರುಗಿದರೆ ರಂಗನಾಯಕಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳಿಗೆ ಹಿಂದಿ ಬಾರದು.

ಮನೆಗೆ ಬಂದಮೇಲೆ ಕೇಳಿದ: "ಯಾಕೆ ಅಳ್ತಿದ್ದೆ?"

"ಅವಳು ಅಷ್ಟು ಹೇಳ್ತಿದ್ಲು. ಅವನಿಗೆ ಕೇಳಿಸ್ಲೇ ಇಲ್ಲ."

"ಅದು ತಪ್ಪು. ರೇಡಿಯೋ ತರಂಗಕ್ಕೆ ಗಾಳಿ ಬೇಕಿಲ್ಲ. ಕೇಳಿಸ್ಲೇಬೇಕು."

"ಹೂಂ," ಎಂದು ಒಳಗೆ ಹೋದಳು.

ಬರೆಯಲು ಕೂತ. 'ವಿಜ್ಞಾನ ದುರ್ಬಲ, ಭಾವುಕತೆ ಅತಿ.' ಎರಡನೆಯದನ್ನು ಹೊಡೆದುಹಾಕಿದ. 'ಆದರೂ ಒಂದು ದೃಶ್ಯ ಮನ ಕಲಕುತ್ತದೆ.' ಯಾರ ಮನ? ಅದನ್ನೂ ಹೊಡೆದ. ಹದಿನೇಳು ವರ್ಷ ಬೆಳಕಿನ ವೇಗ ಬೋಧಿಸಿದ ಪಂಡಿತನಿಗೆ, ಎರಡಡಿ ದೂರದಲ್ಲಿ ಬಿದ್ದ ಕಣ್ಣೀರಿನ ಬಗ್ಗೆ ಅರ್ಧ ಸಾಲೂ ಹುಟ್ಟಲಿಲ್ಲ.

ರಂಗನಾಯಕಿ ಬ್ಯಾಗು ಹಿಡಿದು ಬಂದಳು.

"ಹೊರಟೆ ರೀ. ಸಾರು ಮಾಡಿಟ್ಟಿದೀನಿ."

"ಎಲ್ಲಿಗೆ?"

"ತ್ಯಾಗರಾಜನಗರಕ್ಕೆ, ಅಕ್ಕನ ಮನೆಗೆ. ಹೋದ ವಾರಾನೇ ಹೇಳಿದ್ನಲ್ಲ."

"ಎಷ್ಟು ದಿನ?"

"ಅದನ್ನೂ ಹೇಳಿದ್ದೆ."

ಅವನಿಗೆ ಒಂದಕ್ಷರವೂ ನೆನಪಾಗಲಿಲ್ಲ. ಅಪ್ಪಣೆ ಕೊಡುವವನಂತೆ ತಲೆಯಾಡಿಸಿದ.

"ಹೌದೌದು, ಹೇಳಿದ್ದೆ."

"ಏನು ಹೇಳಿದ್ದೆ, ಹೇಳಿ?"

ಅವಳು ಕಾದಳು. ಅವನು ಗಡಿಯಾರ ನೋಡಿದ.

"ಭಾನುವಾರ ಬಸ್ಸು ಕಮ್ಮಿ, ಅಲ್ವಾ?"

ರಂಗನಾಯಕಿ ಚಪ್ಪಲಿ ಮೆಟ್ಟಿಕೊಂಡು ಇಳಿದಳು. ಅವಳು ತಿರುವು ದಾಟಿದ ಮೇಲೂ ಅವನು ಗೇಟು ಹಿಡಿದೇ ನಿಂತಿದ್ದ. ಎದುರು ಕಂಬದ ಬೀದಿದೀಪ ಸುಡುಬಿಸಿಲಿನಲ್ಲೂ ಉರಿಯುತ್ತಿತ್ತು. ಇದೊಂದನ್ನಾದರೂ ಆರಿಸೋಣವೆಂದು ರಸ್ತೆ ದಾಟಿ ಹೋದ. ಕಂಬವನ್ನು ಎರಡು ಸುತ್ತು ಬಂದ. ಸ್ವಿಚ್ಚು ಎಲ್ಲಿದೆಯೋ ತಿಳಿಯಲಿಲ್ಲ.