ಸುಗಲಮ್ಮನವರ ಕಿವುಡು

ಸುಗಲಮ್ಮನವರೊಡನೆ ಜಗಳವಾಡಿ ಗೆದ್ದವರನ್ನು ನಾನು ಕಂಡಿಲ್ಲ. ಮಾತು ತಮಗೆ ಒಗ್ಗದ ದಿಕ್ಕಿಗೆ ಹೊರಳಿದ ಕೂಡಲೇ ಅವರು ಕಣ್ಣು ಮುಚ್ಚಿಬಿಡುತ್ತಿದ್ದರು; ಎದುರಿಗಿದ್ದವನು ಅರ್ಧ ವಾಕ್ಯದಲ್ಲಿ ಬಾಯಿ ತೆರೆದುಕೊಂಡು ನಿಂತಿರಬೇಕು, ಅವರ ಮುಖದ ಮೇಲೋ ಪ್ರಾರ್ಥನೆಯದೋ ನಿದ್ದೆಯದೋ ಎಂದು ಹೇಳಲಾಗದ ಒಂದು ಪ್ರಶಾಂತಿ. ಹಿಮಾಯತ್‌ನಗರದ ನಮ್ಮ ಹಳೆಯ ಅಪಾರ್ಟ್‌ಮೆಂಟಿನ ನೆಲಮಹಡಿಯ ಒಂಟಿ ಕೋಣೆಯಲ್ಲಿ ಅವರು, ಎರಡನೆಯ ಮಹಡಿಯಲ್ಲಿ ನಾವು. ಹನ್ನೊಂದು ವರ್ಷಗಳ ಈ ನೆರೆಹೊರೆಯ ಕಡೆಯ ನಾಲ್ಕೈದು ವರ್ಷಗಳಲ್ಲಿ ಆ ಪ್ರಶಾಂತಿಯನ್ನು ಕಂಡು ನನ್ನ ರಕ್ತದೊತ್ತಡ ಏರಿದಷ್ಟು, ನಮ್ಮ ವಿಮಾ ಕಚೇರಿಯ ಯಾವ ಮೇಲಧಿಕಾರಿಯಿಂದಲೂ ಏರಿಲ್ಲ.

ಅವರು ಲಿಂಗಸುಗೂರಿನ ಕಡೆಯವರು. ಗಂಡ ತೀರಿಕೊಂಡ ಮೇಲೆ ಹೈದರಾಬಾದಿಗೆ ಬಂದು, ಒಂದು ಹೆರಿಗೆ ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷ ಆಯಾ ಆಗಿ ದುಡಿದವರು. ಭಾನುವಾರ ಬಂತೆಂದರೆ ಚರ್ಚಿನ ಕನ್ನಡ ಆರಾಧನೆಯಲ್ಲಿ ಹಾಡು ಎತ್ತಿಕೊಡುತ್ತಿದ್ದವರೂ ಅವರೇ. ಐದು ವರ್ಷಗಳ ಹಿಂದೆ ಕ್ಷಯ ತಗುಲಿತು. ಎಂಟು ತಿಂಗಳು ಪ್ರತ್ಯೇಕ ವಾರ್ಡಿನಲ್ಲಿ ಮಲಗಿದರು. ರೋಗವನ್ನು ಕೊಂದ ಸೂಜಿಮದ್ದೇ ಎರಡು ಕಿವಿಗಳನ್ನೂ ತಿಂದುಹಾಕಿತು, ಜೊತೆಗೆ ಶರೀರದ ಸಮತೋಲವನ್ನೂ. ಅಂದಿನಿಂದ ಅವರ ನಡಿಗೆಯೇ ಬೇರೆ: ಬಲಗೈಯನ್ನು ಗೋಡೆಗೆ ಸವರಿಕೊಂಡು, ಹಡಗಿನ ಮೇಲೆ ನಡೆಯುವವರಂತೆ ಅಡಿಯಿಡುತ್ತಿದ್ದರು. ಮೈಮೇಲೆ ಗಂಡನ ಕಂದು ಬಣ್ಣದ ಸ್ವೆಟರು, ಮೇ ತಿಂಗಳ ಬಿಸಿಲಿನಲ್ಲೂ.

ಇಷ್ಟಾದರೂ ಒಂದು ಶಾಪ, ಒಂದು ನಿಟ್ಟುಸಿರು ಆ ಬಾಯಿಂದ ಬರಲಿಲ್ಲ. ನನ್ನನ್ನು ಕೆರಳಿಸುತ್ತಿದ್ದುದು ಅದೇ. ಚರ್ಚಿನಲ್ಲಿ ಅವರ ಹಾಡು ಉಳಿದವರಿಗಿಂತ ಅರ್ಧ ಸಾಲು ಹಿಂದೆ ಬೀಳತೊಡಗಿದಾಗ ಮುಂದಿನ ಬೆಂಚಿನಿಂದ ಹಿಂದಕ್ಕೆ ಕೂರಿಸಿದರು. ಕೋಣೆಗೆ ಬಂದುಹೋಗುತ್ತಿದ್ದ ಗೆಳತಿಯರು ಕೂಗಿ ಮಾತಾಡಿ ದಣಿದು ಬರುವುದನ್ನೇ ನಿಲ್ಲಿಸಿದರು. ಕೇಳಿದರೆ ಒಂದೇ ಮಾತು: “ಕರ್ತ ಇದರಾಗೂ ಒಂದ್ ಕೆಲಸ ಇಟ್ಟಿರ್ತಾನ್ರಿ, ಸಾಹೇಬ್ರ.”

“ಏನ್ ಕೆಲಸರಿ ಅಕ್ಕಾರ?” ಎಂದು ನಾನು ಅವರ ಮುಖದ ಮುಂದೆ ಗಂಟಲು ಹರಿದುಕೊಳ್ಳುತ್ತಿದ್ದೆ. ಹಾಗೆ ಅರಚಿದರೆ ಮಾತ್ರ ಅವರಿಗೆ ಅಷ್ಟಿಷ್ಟು ಕೇಳುತ್ತದೆಂದು ನನ್ನ ನಂಬಿಕೆ.

“ಅದು ಆತಗ ಗೊತ್ತು.” ಕಣ್ಣು ಮುಚ್ಚಿತು.

ಒಮ್ಮೆ ರಜೆ ಹಾಕಿ, ಹಟಕ್ಕೆ ಬಿದ್ದು ಅವರನ್ನು ಕರೆದೊಯ್ದು ಕಿವಿಯ ಮಷೀನು ಕೊಡಿಸಿಕೊಂಡು ಬಂದೆ. ಒಂದು ದಿನ ಹಾಕಿಕೊಂಡರು. ಮರುದಿನ ಅದು ಚರ್ಚಿನ ಯಾರೋ ನಿವೃತ್ತ ಮಾಸ್ತರರ ಕಿವಿಯಲ್ಲಿತ್ತು. “ನನಗ ಅದರಾಗ ಬರೇ ಗದ್ದಲರಿ. ಅವರಿಗೆ ಮಾತು ಕೇಳತೈತಿ,” ಎಂದರು. ಒಂದು ತಿಂಗಳು ನಾನು ಅವರೊಡನೆ ಮಾತು ಬಿಟ್ಟೆ. ಅವರು ಅದನ್ನು ಗಮನಿಸಿದಂತೆ ಕಾಣಲಿಲ್ಲ.

ಅಷ್ಟರಲ್ಲಿ ನನ್ನ ಅವ್ವನ ಬುದ್ಧಿ ಸ್ಥಿಮಿತ ತಪ್ಪಿತು. ಜೀವಮಾನವಿಡೀ ಮೃದುವಾಗಿ ಮಾತಾಡಿದ ಹೆಂಗಸು, ಎಂಬತ್ತನೆಯ ವಯಸ್ಸಿನಲ್ಲಿ ಬೆಳಗಿನಿಂದ ಸಂಜೆಯವರೆಗೆ, ಮೆಲುದನಿಯಲ್ಲಿ, ನಿಲುಗಡೆಯಿಲ್ಲದೆ ಬೈಯತೊಡಗಿದಳು. ಎಂಥ ಬೈಗುಳಗಳು! ಅವಳಿಗೆ ಅವು ಗೊತ್ತಿದ್ದವೆಂಬುದೇ ನಮಗೆ ಗೊತ್ತಿರಲಿಲ್ಲ. ನೋಡಿಕೊಳ್ಳಲು ಬಂದ ಮೂವರು ಹೆಂಗಸರು ಆರು ವಾರಗಳಲ್ಲಿ ಓಡಿಹೋದರು. ನನ್ನ ಹೆಂಡತಿ ವಿಜಯಶ್ರೀ ಅಡುಗೆಮನೆಯಲ್ಲಿ ನಿಂತು ಅಳುತ್ತಿದ್ದಳು. ನಾನು ಕಚೇರಿಯ ನೆಪ ಹೇಳಿ ಎಂಟಕ್ಕೇ ಮನೆ ಬಿಡುತ್ತಿದ್ದೆ.

ಒಂದು ಮಧ್ಯಾಹ್ನ ಸುಗಲಮ್ಮನವರು ಗೋಡೆ ಸವರುತ್ತ ಎರಡು ಮಹಡಿ ಹತ್ತಿಬಂದು ಅವ್ವನ ಮಂಚದ ಎದುರು ಸ್ಟೂಲು ಎಳೆದುಕೊಂಡರು. “ನನಗ ಕೇಳಂಗಿಲ್ಲಲ್ಲರಿ. ನಾ ಕುಂದರ್ತೀನಿ.” ಸಂಜೆ ನನ್ನನ್ನು ಕಂಡೊಡನೆ ಮುಖವರಳಿಸಿ, “ಕಿವಿ ಯಾಕ ತಗೊಂಡ ಅಂತ ಕೇಳ್ತಿದ್ರಲ್ಲ, ಸಾಹೇಬ್ರ, ನೋಡ್ರಿ ಈಗ,” ಎಂದರು.

ನನಗೆ ಮೈಯೆಲ್ಲ ಉರಿಯಿತು. ಒಬ್ಬ ಮುದುಕಿಯ ಹೊಲಸು ಬಾಯಿಗೋಸ್ಕರ ಇನ್ನೊಬ್ಬಳ ಶ್ವಾಸಕೋಶ ಕೊರೆದು, ಕಂಠದ ಸಂಗೀತ ಕಿತ್ತುಕೊಂಡು, ಕಿವಿ ಮುಚ್ಚಿಸುವ ದೇವರು ಎಂಥ ದೇವರು! ಆದರೆ ಬಾಯಿಬಿಡಲಿಲ್ಲ. ನನಗೆ ಅವರು ಬೇಕಾಗಿದ್ದರು.

ಹದಿನಾಲ್ಕು ತಿಂಗಳು ಅವರು ಗಂಜಿ ಕುಡಿಸಿದರು, ತಲೆ ಬಾಚಿದರು, ಮೈ ಒರೆಸಿದರು. ಅವ್ವ ಅವರ ಕುಲವನ್ನು ಬೈದಳು, ಅವರ ದೇವರನ್ನು ಬೈದಳು, ಮುಟ್ಟಬೇಡವೆಂದು ಕೈ ಕೊಡವಿದಳು. ಕೇಳುವುದಿಲ್ಲವಲ್ಲ ಎಂದು ನಾವು ಸಮಾಧಾನಪಟ್ಟುಕೊಂಡೆವು.

ಒಂದು ಭಾನುವಾರ ನಾನು ಬಾಗಿಲಲ್ಲಿ ನಿಂತಿದ್ದೆ. ಅವ್ವನ ಧ್ವನಿ ಬತ್ತಿಹೋಗಿತ್ತು, ತುಟಿಗಳಷ್ಟೇ ಅಲುಗುತ್ತಿದ್ದವು. ಏನೆನ್ನುತ್ತಿದ್ದಾಳೆಂದು ನನಗೇ ತಿಳಿಯಲಿಲ್ಲ. ಸುಗಲಮ್ಮನವರು ಎದ್ದು ನೀರಿನ ಲೋಟ ಹಿಡಿದರು. ಅವ್ವ ಗಟಗಟನೆ ಕುಡಿದಳು. ನನಗೆ ಏನೋ ಹೊಳೆಯಿತು. ಮುಂದೆ ಬಂದು, ಸ್ವರವನ್ನೇ ಹೊರಡಿಸದೆ ಬರಿ ತುಟಿ ಆಡಿಸಿದೆ: “ನಿಮಗ ತಿಳೀತೈತೇನ್ರಿ?”

“ತುಟಿ ಕಂಡ್ರ ತಿಳೀತೈತ್ರಿ. ನೀವು ಸುಮ್ಮನ ಒದರ್ತಿದ್ರಿ.”

“ಅವ್ವ ಅಂದದ್ದೆಲ್ಲಾ?”

“ಎಲ್ಲಾ.”

ಕಣ್ಣು ಮುಚ್ಚಿದರೆ ಮಾತ್ರ ಅವರಿಗೆ ಮಾತು ನಿಲ್ಲುತ್ತಿತ್ತು. ಅವ್ವನ ಎದುರು ಅವರು ಒಮ್ಮೆಯಾದರೂ ಕಣ್ಣು ಮುಚ್ಚಿದ್ದು ನನಗೆ ನೆನಪಾಗಲಿಲ್ಲ.

“ಹೇಳಬೇಕಾಗಿತ್ತಲ್ಲರಿ!” ಅವಮಾನಕ್ಕೆ ನಾನು ಕೂಗಿಯೇಬಿಟ್ಟೆ.

“ಹೇಳಿದ್ರ ನೀವು ನಾಚಿಕೊಂಡು ನನ್ನ ಕೆಳಗ ಕಳಸ್ತಿದ್ರಿ. ಆಮ್ಯಾಲ ಆಕಿ ಹತ್ರ ಯಾರ್ ಕುಂದರ್ತಿದ್ರು?”

“ಹಂಗಾರ ಕೇಳಬಾರದು ಅಂತನ ದೇವರು ಕಿವಿ ತಗೊಂಡ ಅಂದದ್ದು ಸುಳ್ಳೇನ್ರಿ?”

ಅವರು ಅವ್ವನ ಬಾಯಿ ಒರೆಸಿದರು. “ನಾನೂ ಮೊದಲು ಹಂಗ ಅನ್ಕೊಂಡಿದ್ದೆ. ಅದಲ್ಲ ಅಂತ ಕಾಣತೈತಿ. ನಿಮ್ಮವ್ವ ಒಳಗ ಒಬ್ಬಾಕಿನ ಸಿಕ್ಕೊಂಡಾಳ್ರಿ, ಅಂಜಿಕಿಗೆ ಬೈತಾಳ. ವಾರ್ಡಿನಾಗ ಎಂಟ್ ತಿಂಗಳು ಆ ಜಾಗದಾಗ ನಾ ಇದ್ದು ಬಂದೀನಿ. ದಾರಿ ಗೊತ್ತೈತಿ.”

ಅಂದು ಸಂಜೆ ನಾನು ಮೊದಲ ಬಾರಿಗೆ ಆ ಸ್ಟೂಲಿನ ಮೇಲೆ ಕುಳಿತೆ. ಅವ್ವ ನನ್ನನ್ನೂ ಬೈದಳು. ಕಾಲು ಗಂಟೆಗಿಂತ ಹೆಚ್ಚು ತಾಳಲಾಗಲಿಲ್ಲ. ಮರುದಿನ ಅರ್ಧ ಗಂಟೆ ಕುಳಿತೆ. ಎರಡು ತಿಂಗಳ ನಂತರ ಅವಳು ಹೋದಾಗ ಒಂದು ಕೈ ನನ್ನಲ್ಲಿತ್ತು, ಇನ್ನೊಂದು ಸುಗಲಮ್ಮನವರಲ್ಲಿ. ಹದಿಮೂರನೆಯ ದಿನ ಮುಗಿಯುವ ಮೊದಲೇ ಅವರು ಪಕ್ಕದ ಗಲ್ಲಿಯಲ್ಲಿ, ಮಾತು ಬಿದ್ದುಹೋದ ಒಬ್ಬ ಮುದುಕರ ಮನೆಗೆ ಹೋಗತೊಡಗಿದ್ದರು. ಸ್ವಲ್ಪ ದಿನ ಸುಧಾರಿಸಿಕೊಳ್ಳಿರೆಂದು ಬುದ್ಧಿ ಹೇಳಲು ಹೋದೆ. ನಾನು ಬಾಯಿ ತೆರೆಯುವ ಮುನ್ನವೇ ರೆಪ್ಪೆಗಳು ಕೆಳಗಿಳಿದವು.

ಪ್ರತಿ ಸಂಕಟದ ಹಿಂದೆಯೂ ದೇವರ ಸಂಕಲ್ಪವಿದೆಯೆನ್ನುವ ಈ ಜನರ ತರ್ಕವನ್ನು ನಾನು ಇಂದಿಗೂ ಒಪ್ಪಿಲ್ಲ. ನ್ಯಾಯವಂತನಾದ ಯಾವ ದೇವರೂ ಇಂಥ ವ್ಯವಹಾರ ಮಾಡಲಾರನೆಂದು ಈಗಲೂ ವಾದಿಸಬಲ್ಲೆ. ಆದರೆ ವಾದಕ್ಕೆ ಅವರು ಸಿಗಬೇಕಲ್ಲ! ನಮಗೇಕೆ ಹೀಗಾಯಿತೆಂದು ನಾವು ವರ್ಷಗಟ್ಟಲೆ ಕೇಳುತ್ತ ಕುಳಿತಿರುವ ಹೊತ್ತಿಗೆ, ಅವರು ಆ ಪ್ರಶ್ನೆಯನ್ನು ಮೇಲಿನವನಿಗೆ ಒಪ್ಪಿಸಿ, ಯಾರದೋ ಮಂಚದ ಪಕ್ಕಕ್ಕೆ ಎದ್ದು ಹೋಗಿರುತ್ತಾರೆ. ಇಂಥವರೊಡನೆ ಬಾಳುವುದು ಬಹಳ ಕಷ್ಟ. ಇಂಥವರಿಲ್ಲದೆ ಸಾಯುವುದು ಅದಕ್ಕಿಂತ ಕಷ್ಟ.