ಗೆದ್ದ ಕೋಳಿ

ನನ್ನ ತಮ್ಮ ಸಂದೇಶ ಕಾಂಬೋಡಿಯಾದಿಂದ ಜ್ವರ ಹೊತ್ತುಕೊಂಡೇ ಬಂದ. ಅಲ್ಲಿ ಹಕ್ಕಿಜ್ವರ ಇದೆಯೆಂದು ವಿಮಾನ ನಿಲ್ದಾಣದಲ್ಲಿ ಬಂದವರನ್ನೆಲ್ಲ ವಿಚಾರಿಸುತ್ತಿದ್ದರು. ರೋಗದ ಕೋಳಿ ಮುಟ್ಟಿದ್ದೀಯಾ ಎಂದರೆ ಇಲ್ಲ ಎಂದನಂತೆ. ಮಾತ್ರೆ ನುಂಗಿ ಮೈಬಿಸಿ ಇಳಿಸಿಕೊಂಡಿದ್ದ. ಕಾರವಾರದ ಆಸ್ಪತ್ರೆಯೊಂದರಲ್ಲಿ ಪರೀಕ್ಷೆಗೆಂದು ಕಡ್ಡಿಯಿಂದ ಗಂಟಲ ದ್ರವ ತೆಗೆಯುವುದೇ ನನ್ನ ಕೆಲಸ. ಬಂದು ಪರೀಕ್ಷೆ ಮಾಡಿಸು, ಜೀವಕ್ಕೇ ಸಂಚಕಾರ ಎಂದು ಫೋನಿನಲ್ಲಿ ಬಾಯಿ ನೋಯುವಷ್ಟು ಹೇಳಿದೆ. ಕೆಮ್ಮುತ್ತಲೇ ನಕ್ಕ.

ಭಾನುವಾರ ನಾನೇ ಅವನಿದ್ದ ನಮ್ಮೂರು ಬೆಳಂಬಾರಕ್ಕೆ ಹೋದೆ. ಪುಣ್ಯಾತ್ಮ ಗಾಳಿಮರಗಳ ಹಿಂದೆ ಕೋಳಿ ಅಂಕದಲ್ಲಿದ್ದ. ಕಾಲಿಗೆ ಕತ್ತಿ ಕಟ್ಟಿದ ಹುಂಜಗಳು ಒಂದನ್ನೊಂದು ಸಿಗಿಯುತ್ತಿದ್ದವು. ನಡುವೆ ಬಿಡಿಸಿದಾಗ ಸಂದೇಶ ತನ್ನ ಹುಂಜದ ಕೊಕ್ಕನ್ನು ಬಾಯೊಳಗಿಟ್ಟು, ಅದರ ಗಂಟಲಲ್ಲಿ ಕಟ್ಟಿದ್ದ ರಕ್ತವನ್ನು ಹೀರಿ ಉಗುಳಿದ. ಹುಂಜಕ್ಕೆ ಉಸಿರು ಬರಿಸಲು ನಮ್ಮಪ್ಪನೂ ಹೀಗೇ ಮಾಡುತ್ತಿದ್ದ. ಓಡಿಹೋಗಿ ಅವನ ಭುಜ ಹಿಡಿದು ತಿರುಗಿಸಿದೆ.

"ಕಾಂಬೋಡಿಯಾದಲ್ಲೂ ಹಿಂಗೇ ಮಾಡಿದ್ಯಾ?"

"ಮಾಡ್ದೆ. ಎಂತಾ ಆತು?"

"ಮತ್ತೆ ಕೋಳಿ ಮುಟ್ಲಿಲ್ಲ ಅಂದ್ಯಲ್ಲ?"

"ಅವ್ರು ಕೇಳಿದ್ದು ರೋಗದ ಕೋಳಿ. ಅದು ಗೆದ್ದ ಕೋಳಿ, ಅಕ್ಕಾ."

ಕೆನ್ನೆಗೆ ಬಾರಿಸಿದೆ. ಹುಂಜವನ್ನು ಕಸಿಯಹೋದರೆ ಅದರ ಕತ್ತಿ ನನ್ನ ಅಂಗೈ ಸೀಳಿತು. ಅಂಕ ನಡೆಸುತ್ತಿದ್ದ ಜಟ್ಟಪ್ಪ, ನಾನು ಪೊಲೀಸರನ್ನು ಕರೆಸಲು ಬಂದವಳೆಂದು ತಿಳಿದು ಜುಟ್ಟು ಹಿಡಿದು ನೆಲಕ್ಕೆ ಕೆಡವಿ ಹೊಟ್ಟೆಗೆ ಒದ್ದ. ಬಿಡಿಸಲು ಬಂದ ಸಂದೇಶನ ಎದೆಗೂ ಗುದ್ದಿದ. ಸಂದೇಶ ಕೆಮ್ಮುತ್ತ ಕುಸಿದ. ಕೆಮ್ಮಿದಷ್ಟೂ ರಕ್ತ ಬಂತು. ಅದು ಗುದ್ದಿಗೆ ಬಂದ ರಕ್ತವಲ್ಲ ಎಂದು ನನಗೆ ಗೊತ್ತಾಯಿತು. ಜನ ಹಿಂದೆ ಸರಿದರು. ನಾನೇ ಅವನ ರಟ್ಟೆ ಹಿಡಿದು ರಿಕ್ಷಾಕ್ಕೆ ಎಳೆದೆ.

ಔಷಧಿ ಶುರುಮಾಡಿದರು, ಉಸಿರಿನ ಯಂತ್ರ ಹಾಕಿದರು. ತಡವಾಗಿತ್ತು. ಹಕ್ಕಿಜ್ವರವೇ ಎಂದು ವರದಿ ಬಂದ ಬೆಳಿಗ್ಗೆಯೇ ನನ್ನ ತಮ್ಮ ಸತ್ತ.

ಅಂಕದಲ್ಲಿದ್ದವರನ್ನೆಲ್ಲ ಅಂದೇ ಪರೀಕ್ಷೆಗೆ ಕರೆತಂದರು. ನನ್ನ ಪರೀಕ್ಷೆಯಲ್ಲಿ ಏನೂ ಸಿಕ್ಕಿರಲಿಲ್ಲ. ಮಂಗಲಾ, ನೀನು ಮನೆಗೆ ಹೋಗು ಎಂದು ಡಾಕ್ಟರು ಹೇಳಿದರೂ ಒಲ್ಲೆ ಎಂದೆ. ಜಟ್ಟಪ್ಪ ನನ್ನೆದುರಿನ ಸ್ಟೂಲಿನಲ್ಲಿ ಬಂದು ಕೂತ. ನಾನು ಮುಖಗವಸು ಹಾಕಿದ್ದರೂ ಕಟ್ಟು ಹಾಕಿದ ಕೈ ನೋಡಿ ಗುರುತು ಹಿಡಿದ. ಕಡ್ಡಿಯನ್ನು ಅವನ ಗಂಟಲಿಗೆ ಚುಚ್ಚಿ ಆಚೆ ತೆಗೆಯುವಷ್ಟು ಸಿಟ್ಟು ಬಂತು.

"ಸಂದೇಶ ಈಗ ಹ್ಯಾಂಗಿದ್ದಾ?" ಎಂದು ಅವನು ತಗ್ಗಿದ ದನಿಯಲ್ಲಿ ಕೇಳಿದ.

ಪೊಟ್ಟಣ ಹರಿದು ಕಡ್ಡಿ ತೆಗೆದೆ.

"ಬಾಯಿ ಅಗಲ ಮಾಡು," ಎಂದೆ.